ಬಡ್ಡಿಯಿಲ್ಲದ ಬ್ಯಾಂಕೂ ಮುಚ್ಚಬಾರದ ಗಲ್ಲೆಯೂ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ನಮ್ಮ ಕಾರ್ಯದರ್ಶಿಗಳು ಇಂದು ನನ್ನನ್ನು ಇಲ್ಲಿ ನಿಲ್ಲಿಸಿದುದಕ್ಕೆ ಕಾರಣ ಒಂದೇ: ನಾನು ಕೆಲವು ವರ್ಷ ಕ್ವಾಲಾಲಂಪುರದಲ್ಲಿ ಒಂದು ಇಸ್ಲಾಮೀ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ದುಡಿದು ಬಂದವನು. ಬ್ಯಾಂಕಿನ ಹೆಸರನ್ನು ಹೇಳುವುದಿಲ್ಲ. ಅನ್ನ ಹಾಕಿದ ಮನೆಯ ಒಲೆಯ ಸುದ್ದಿಯನ್ನು ಬೀದಿಗೆ ತರಬಾರದಷ್ಟೆ. ನಾನು ಅರ್ಥಶಾಸ್ತ್ರದ ಪಂಡಿತನಲ್ಲ, ಆ ಧರ್ಮದ ಶಾಸ್ತ್ರ ಬಲ್ಲವನೂ ಅಲ್ಲ. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿಶಾಲೆಯಲ್ಲಿ ಓದಿದ ಹುಡುಗನೊಬ್ಬ ಯಂತ್ರಗಳ ನಡುವೆ ಕುಳಿತು ಏನನ್ನು ಕಂಡನೋ ಅಷ್ಟನ್ನೇ ನಿಮ್ಮ ಮುಂದೆ ಇಡುತ್ತೇನೆ.

ಇಸ್ಲಾಮೀ ಬ್ಯಾಂಕಿನ ವಿಚಾರ ಮುಂಬಯಿಯ ಹೋಟೆಲು ಕಾರ್ಮಿಕನಿಗೆ ಏಕೆ ಬೇಕು ಎಂದು ನೀವು ಕೇಳಬಹುದು. ನಮ್ಮ ದೇಶದಲ್ಲಿ ಅಂಥ ಬ್ಯಾಂಕುಗಳಿಲ್ಲ. ಅದನ್ನು ಇಲ್ಲಿ ತೆರೆಯುವ ಮಾತು ಬಹಳ ದಿನ ನಡೆದು, ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕು ತೀರ್ಮಾನಿಸಿದ್ದು 2017ರಲ್ಲಿ ತಿಳಿದುಬಂದಿತು. ಆದರೆ ಉಡುಪಿ, ಕುಂದಾಪುರ, ಭಟ್ಕಳ, ಮಂಗಳೂರುಗಳ ಕಡೆಯ ಎಷ್ಟು ಮನೆಗಳ ಒಲೆ ದುಬೈ, ದೋಹಾ, ಕುವೈತುಗಳ ಹಣದಿಂದ ಉರಿಯುತ್ತಿದೆ ಎಂಬುದನ್ನು ನೀವೇ ಲೆಕ್ಕ ಹಾಕಿ. ಹಿಂದೆ ಮುಂಬಯಿಗೆ ಬರುತ್ತಿದ್ದ ಹುಡುಗರೇ ಈಗ ಅಲ್ಲಿಗೆ ಹೋಗಿದ್ದಾರೆ. ಅವರಲ್ಲಿ ಅನೇಕರ ಪಗಾರ ಬೀಳುವುದು ಇಸ್ಲಾಮೀ ಬ್ಯಾಂಕಿನ ಖಾತೆಗೆ, ಹಣ ಊರಿಗೆ ಹೊರಡುವುದು ಕೈಯಲ್ಲಿರುವ ಮೊಬೈಲಿನಿಂದ. ಆ ಮೊಬೈಲಿನ ಗಲ್ಲೆ ಒಂದು ದಿನ ತೆರೆಯದೆ ಹೋದರೆ ಇಲ್ಲಿ ಔಷಧಿಯ ಅಂಗಡಿಯಲ್ಲಿ ಒಬ್ಬ ತಾಯಿ ಕಾಯುತ್ತ ನಿಲ್ಲಬೇಕಾಗುತ್ತದೆ.

ಮೊದಲು ಆ ಬ್ಯಾಂಕಿನ ಧರ್ಮವನ್ನು ಸ್ವಲ್ಪ ತಿಳಿಯೋಣ. ಬಡ್ಡಿಗೆ ಅವರು ‘ರಿಬಾ’ ಎನ್ನುತ್ತಾರೆ, ಅದು ನಿಷಿದ್ಧ. ಬಡ್ಡಿಯ ಕೆಡುಕನ್ನು ನಮ್ಮ ಹಿರಿಯರಿಗೆ ಗ್ರಂಥ ತೆಗೆದು ತೋರಿಸಬೇಕಾಗಿಲ್ಲ. ಪಗಾರದ ದಿನ ಗಿರಣಿಯ ಗೇಟಿನ ಹೊರಗೆ ಬಡ್ಡಿಯವನು ಕಾದು ನಿಂತಿರುತ್ತಿದ್ದ ಕಾಲವನ್ನು ಕಂಡವರೋ, ಕಂಡವರಿಂದ ಕೇಳಿದವರೋ ಈ ಸಭೆಯಲ್ಲಿಯೇ ಇದ್ದಾರೆ. ಹಾಗಾದರೆ ಬಡ್ಡಿಯಿಲ್ಲದೆ ಬ್ಯಾಂಕು ಬದುಕುವುದು ಹೇಗೆ? ವ್ಯಾಪಾರ ಮಾಡಿ ಬದುಕಬೇಕು. ನಿಮಗೆ 60,000 ರೂಪಾಯಿಯ ರುಬ್ಬುವ ಯಂತ್ರ ಬೇಕೆನ್ನಿ. ಬ್ಯಾಂಕು ನಿಮಗೆ ಹಣ ಕೊಡುವುದಿಲ್ಲ. ತಾನೇ ಯಂತ್ರವನ್ನು ಕೊಳ್ಳುತ್ತದೆ. ಅದು ತನ್ನ ಸ್ವತ್ತಾದ ಮೇಲೆ, ‘ನನಗೆ ಬಿದ್ದದ್ದು 60,000, ನನ್ನ ಲಾಭ 6,000’ ಎಂದು ಬಾಯಿಬಿಟ್ಟು ಹೇಳಿ, 66,000ಕ್ಕೆ ನಿಮಗೆ ಮಾರುತ್ತದೆ. ನೀವು ತಿಂಗಳಿಗೆ 5,500ರಂತೆ 12 ಕಂತು ಕೊಡುತ್ತೀರಿ. ಇದಕ್ಕೆ ಮುರಾಬಹಾ ಎಂದು ಹೆಸರು. ಒಮ್ಮೆ ಬೆಲೆ ನಿಶ್ಚಯವಾಯಿತೆಂದರೆ ಆಯಿತು. ನೀವು ತಡಮಾಡಿದಿರೆಂದು ಆ ಬೆಲೆ ಬೆಳೆಯುವಂತಿಲ್ಲ.

ಠೇವಣಿ ಇಡುವವನಿಗೂ ಇಂತಿಷ್ಟು ಶೇಕಡಾ ಎಂದು ಮೊದಲೇ ಮಾತು ಕೊಡುವುದಿಲ್ಲ. ಬಂದ ಲಾಭದಲ್ಲಿ ನಿಮಗೆ 60 ಪಾಲು, ಬ್ಯಾಂಕಿಗೆ 40 ಪಾಲು ಎಂಬಂತೆ ಪಾಲಿನ ಒಪ್ಪಂದ ಮಾತ್ರ. ಇದು ಮುದಾರಬಾ. ಹೊಸಗಾಲದಲ್ಲಿ ಈ ಪದ್ಧತಿಯ ಆರಂಭ ದೊಡ್ಡ ಧನಿಕರಿಂದ ಆದುದಲ್ಲವೆಂಬುದು ನನಗೆ ಮೆಚ್ಚಿಗೆಯಾದ ಸಂಗತಿ. 1963ರಲ್ಲಿ ಈಜಿಪ್ಟಿನ ನೈಲ್ ನದಿಯ ಬಯಲಿನ ಮೀತ್ ಗಮ್ರ್ ಎಂಬ ಪಟ್ಟಣದಲ್ಲಿ ಅಹ್ಮದ್ ಅಲ್ ನಜ್ಜಾರ್ ಎಂಬವರು ರೈತರ, ಸಣ್ಣ ದುಡಿಮೆಗಾರರ ಉಳಿತಾಯಕ್ಕೆಂದು ಒಂದು ಚಿಕ್ಕ ಬ್ಯಾಂಕನ್ನು ತೆರೆದರು. ಅದೇ ವರ್ಷ ಮಲೇಷ್ಯಾದಲ್ಲಿ, ಹಜ್ ಯಾತ್ರೆಗಾಗಿ ಹಳ್ಳಿಗರು ಹೊಲ ಮಾರಿ ಬರಿಗೈಯಾಗುವುದನ್ನು ತಪ್ಪಿಸಲು ಉಂಕು ಅಜೀಜ್ ಎಂಬ ಅರ್ಥಶಾಸ್ತ್ರಜ್ಞರ ಸಲಹೆಯಂತೆ ಯಾತ್ರಿಕರ ಉಳಿತಾಯ ಸಂಸ್ಥೆ ಹುಟ್ಟಿತು. ಇಂದಿನ ತಾಬುಂಗ್ ಹಾಜಿ ಅದೇ. ಆ ಮೇಲೆ 1975ರಲ್ಲಿ ದುಬೈ ಇಸ್ಲಾಮಿಕ್ ಬ್ಯಾಂಕು, 1983ರಲ್ಲಿ ಬ್ಯಾಂಕ್ ಇಸ್ಲಾಮ್ ಮಲೇಷ್ಯಾ. ಹೀಗೆ ಬೆಳೆಯಿತು.

ಇನ್ನು ಯಂತ್ರದ ಮಾತಿಗೆ ಬರುತ್ತೇನೆ. ಬೆಳಗಿನ ಎಂಟು ಗಂಟೆಗೆ ನಮ್ಮ ಹೋಟೆಲಿನಲ್ಲಿ ಒಂದು ಮಸಾಲೆದೋಸೆ ಮೇಜಿಗೆ ಬರಬೇಕಾದರೆ ಎಷ್ಟು ಕೈ ದಾಟಬೇಕೆಂಬುದು ನಿಮಗೆ ಗೊತ್ತು. ಸಪ್ಲಾಯರು ಕೂಗಬೇಕು, ಭಟ್ಟರು ಕಾವಲಿಯ ಮೇಲೆ ಹೊಯ್ಯಬೇಕು, ಪಲ್ಯ ತಯಾರಿರಬೇಕು, ತಟ್ಟೆ ತೊಳೆದಿರಬೇಕು, ಕೊನೆಗೆ ಗಲ್ಲೆಯಲ್ಲಿ ಬಿಲ್ಲು ಆಗಬೇಕು. ಗಿರಾಕಿಗೆ ಕಾಣುವುದು ದೋಸೆ ಮಾತ್ರ. ಬ್ಯಾಂಕಿನ ಆ್ಯಪ್ ಕೂಡ ಹಾಗೆಯೇ. ನೀವು ಗುಂಡಿ ಒತ್ತಿದೊಡನೆ ನೀವು ಯಾರೆಂದು ಒಂದು ಯಂತ್ರ ಪರೀಕ್ಷಿಸುತ್ತದೆ, ಇನ್ನೊಂದು ಖಾತೆಯ ಪುಸ್ತಕ ನೋಡುತ್ತದೆ, ಮತ್ತೊಂದು ಬೇರೆ ಬ್ಯಾಂಕಿನ ಬಾಗಿಲು ತಟ್ಟುತ್ತದೆ, ಇನ್ನೊಂದು ನಿಮ್ಮ ಫೋನಿಗೆ ಸಂದೇಶ ಕಳಿಸುತ್ತದೆ. ಒಂದೊಂದು ಯಂತ್ರವೂ ವರ್ಷಕ್ಕೆ ಎಂಟು ಮುಕ್ಕಾಲು ಗಂಟೆ ಮಾತ್ರ ಕೆಡುತ್ತದೆ ಎನ್ನಿ. ಕೇಳುವುದಕ್ಕೆ ಬಲು ಚೆನ್ನ. ಆದರೆ ಅಂಥ ಐದು ಯಂತ್ರಗಳು ಒಂದರ ಹಿಂದೊಂದು ನಿಂತು, ಬೇರೆ ಬೇರೆ ಹೊತ್ತಿನಲ್ಲಿ ಕೆಟ್ಟರೆ, ಗಿರಾಕಿಯ ಪಾಲಿಗೆ ವರ್ಷಕ್ಕೆ 43 ಗಂಟೆಗೂ ಮೀರಿ ಬಾಗಿಲು ಮುಚ್ಚಿದಂತೆ. ಆದುದರಿಂದ ಚಟ್ನಿ ಮುಗಿದರೆ ಕಾಫಿ ನಿಲ್ಲದಂತೆ ಅಡಿಗೆಮನೆಯನ್ನು ಕಟ್ಟಬೇಕು. ಸಂದೇಶ ಕಳಿಸುವ ಯಂತ್ರ ಮಲಗಿದರೆ ಹಣ ಹೋಗುವುದು ನಿಲ್ಲಬಾರದು. ಸಂದೇಶ ಆಮೇಲೆ ಹೋದರಾಯಿತು.

ಇಷ್ಟು ಎಲ್ಲ ಬ್ಯಾಂಕುಗಳಿಗೂ ಒಂದೇ. ಇಸ್ಲಾಮೀ ಬ್ಯಾಂಕಿಗೆ ಇದರ ಮೇಲೆ ಇನ್ನೊಂದು ಹೊರೆ ಇದೆ. ಅಲ್ಲಿ ಕೆಲಸ ಆದರೆ ಸಾಲದು, ಕ್ರಮ ತಪ್ಪದೆ ಆಗಬೇಕು. ಬ್ಯಾಂಕು ಕೊಂಡ ಮೇಲೆ ಮಾರಬೇಕೇ ಹೊರತು, ಮಾರಿದ ಮೇಲೆ ಕೊಳ್ಳುವಂತಿಲ್ಲ. ತನ್ನದಲ್ಲದ ಸರಕನ್ನು ಮಾರಿದರೆ ಆ ವ್ಯಾಪಾರ ಸಿಂಧುವಲ್ಲ.

ಮಲೇಷ್ಯಾದಲ್ಲಿ ಒಬ್ಬ ಕಾರ್ಮಿಕನಿಗೆ ಮಗಳ ಮದುವೆಗೆ ಕೈಯಲ್ಲಿ ರೊಕ್ಕವೇ ಬೇಕೆನ್ನಿ. ಅಲ್ಲಿ ಕೊಳ್ಳುವ ಯಂತ್ರವಿಲ್ಲ. ಆಗ ಏನು ಮಾಡುತ್ತಾರೆ ಗೊತ್ತೇ? ಬ್ಯಾಂಕು ತಾಳೆಎಣ್ಣೆಯಂಥ ಸರಕನ್ನು ಕೊಳ್ಳುತ್ತದೆ. ಅದನ್ನು ಲಾಭ ಸೇರಿಸಿ, ಕಂತಿನ ಮೇಲೆ, ಆ ಕಾರ್ಮಿಕನಿಗೆ ಮಾರುತ್ತದೆ. ಅವನ ಪರವಾಗಿ ಆ ಎಣ್ಣೆಯನ್ನು ಕೂಡಲೇ ಬೇರೆಯವರಿಗೆ ಮಾರಿ, ಬಂದ ಹಣವನ್ನು ಅವನ ಖಾತೆಗೆ ಹಾಕುತ್ತಾರೆ. ಇದಕ್ಕೆಂದೇ ಕ್ವಾಲಾಲಂಪುರದ ಷೇರುಪೇಟೆಯವರು 2009ರಲ್ಲಿ ‘ಬುರ್ಸಾ ಸೂಕ್ ಅಲ್-ಸಿಲಾ’ ಎಂಬ ಮಾರುಕಟ್ಟೆಯನ್ನು ತೆರೆದಿದ್ದಾರೆ. ಇದು ಸುತ್ತುಬಳಸಿನ ಬಡ್ಡಿಯಲ್ಲವೇ ಎಂದು ನೀವು ನಕ್ಕರೆ ನಾನು ಕೋಪಿಸಿಕೊಳ್ಳುವುದಿಲ್ಲ. ಅವರಲ್ಲಿಯೇ ಅನೇಕ ಶಾಸ್ತ್ರಜ್ಞರು ಹಾಗೆ ಆಕ್ಷೇಪಿಸಿದ್ದಾರೆ. ನನಗೆ ಇಲ್ಲಿ ಬೇಕಾದುದು ಬೇರೆ. ಫೋನಿನಲ್ಲಿ ಗುಂಡಿ ಒತ್ತಿದವನ ಹಿಂದೆ ಇಷ್ಟೂ ಕ್ರಯವಿಕ್ರಯ ಕೆಲವೇ ಕ್ಷಣಗಳಲ್ಲಿ, ಒಂದಾದ ಮೇಲೆ ಒಂದರಂತೆ ಜರುಗಬೇಕು. ನಡುವೆ ಎಲ್ಲಿಯಾದರೂ ಯಂತ್ರ ತಡವರಿಸಿ, ಎರಡನೆಯ ಹೆಜ್ಜೆಯ ದಾಖಲೆ ಮೊದಲನೆಯದಕ್ಕಿಂತ ಮುಂಚೆ ಬಿದ್ದಿತೆಂದರೆ ಲೆಕ್ಕ ಸರಿಯಿದ್ದರೂ ವ್ಯವಹಾರ ಕೆಟ್ಟಿತು. ಆದುದರಿಂದ ಗಡಿಯಾರದ ಹೊತ್ತನ್ನು ಕೂಡ ಅಲ್ಲಿ ಸಾಕ್ಷಿಯಂತೆ ಕಾಪಾಡಬೇಕು. ಮಲೇಷ್ಯಾದ 2013ರ ಕಾಯಿದೆಯ ಪ್ರಕಾರ, ಇಂಥ ಧರ್ಮಲೋಪವಾದುದು ತಿಳಿದ ಕೂಡಲೇ ಬ್ಯಾಂಕು ಅದನ್ನು ನಿಲ್ಲಿಸಿ, ಅಲ್ಲಿಯ ರಿಸರ್ವ್ ಬ್ಯಾಂಕಾದ ಬ್ಯಾಂಕ್ ನೆಗಾರಾಕ್ಕೆ ವರದಿ ಮಾಡಿ, 30 ದಿನಗಳೊಳಗೆ ಸರಿಪಡಿಸುವ ಯೋಜನೆಯನ್ನು ಒಪ್ಪಿಸಬೇಕು. ಅಂಥ ವ್ಯವಹಾರದಿಂದ ಬಂದ ಲಾಭವನ್ನು ಇಟ್ಟುಕೊಳ್ಳುವಂತಿಲ್ಲ, ದಾನಕ್ಕೆ ಹಾಕಬೇಕು. ಯಂತ್ರದ ಒಂದು ತಪ್ಪು ಬ್ಯಾಂಕಿನ ಗಳಿಕೆಯನ್ನೇ ಮೈಲಿಗೆ ಮಾಡುತ್ತದೆ.

ಕಂತು ತಡವಾದಾಗ ಹಾಕುವ ದಂಡದ ಮಾತೂ ಹೀಗೆಯೇ. ತಡದಿಂದ ಬ್ಯಾಂಕಿಗೆ ನಿಜವಾಗಿ ಆದ ನಷ್ಟವನ್ನು ಮಿತಿಯೊಳಗೆ ತೆಗೆದುಕೊಳ್ಳಲು ಮಲೇಷ್ಯಾದಲ್ಲಿ ಅವಕಾಶವಿದೆ. ಅದರ ಮೇಲಿನ ದಂಡ ದಾನಕ್ಕೆ ಹೋಗಬೇಕು. ಈಗ ಯೋಚಿಸಿ: ಕಂತಿನ ಕೊನೆಯ ದಿನ ಸಂಜೆ ಆ್ಯಪ್ ಕೆಟ್ಟು ಕುಳಿತಿತು, ಕಾರ್ಮಿಕನೊಬ್ಬ ಮೂರು ಸಲ ಪ್ರಯತ್ನಿಸಿ ಸೋತು ಮಲಗಿದ, ಮರುದಿನ ಅವನ ಹೆಸರಿಗೆ ತಡದ ದಂಡ ಬಿದ್ದಿತು. ತಡಮಾಡಿದವರು ಯಾರು? ಅವನು ಪ್ರಯತ್ನಿಸಿದ್ದನೆಂಬ ದಾಖಲೆಯನ್ನು ಬ್ಯಾಂಕಿನ ಯಂತ್ರ ಇಟ್ಟುಕೊಳ್ಳದಿದ್ದರೆ ಅವನಿಗೆ ಸಾಕ್ಷಿ ಹೇಳುವವರೇ ಇಲ್ಲ. ನಾನು ದುಡಿದ ಬ್ಯಾಂಕಿನಲ್ಲಿ ಈ ವಿಷಯಕ್ಕೆ ಬಹಳ ಜಗ್ಗಾಟ ನಡೆದಿತ್ತು. ಅಷ್ಟೊಂದು ದಾಖಲೆ ಇಡಲು ಜಾಗದ ಖರ್ಚು ಹೆಚ್ಚೆಂದು ಒಬ್ಬ ಅಧಿಕಾರಿ ಹೇಳಿದಾಗ, ಬ್ಯಾಂಕಿನ ಶಾಸ್ತ್ರ ಸಮಿತಿಯ ಒಬ್ಬ ವೃದ್ಧರು ಕೇಳಿದ ಪ್ರಶ್ನೆ ಇಷ್ಟೇ: ‘ಖರ್ಚನ್ನು ಉಳಿಸಿದವರು ನೀವು, ದಂಡ ಕೊಡುವವನು ಅವನೋ?’ ಆ ದಾಖಲೆ ಉಳಿಯಿತು.

ಈಗ ನಿಮಗೆ ಒಂದು ನಡೆದ ಸಂಗತಿಯನ್ನು ಹೇಳಬೇಕು. ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಉತ್ತರ ತುದಿಯಲ್ಲಿ ಆಚೇ ಎಂಬ ಪ್ರಾಂತವಿದೆ. (ನಮ್ಮ ‘ಆಚೆ’ ಅಲ್ಲ, ಅದರ ಹೆಸರೇ ಹಾಗೆ.) 2004ರ ಡಿಸೆಂಬರಿನ ಸುನಾಮಿಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ನೊಂದ ನಾಡು ಅದು. ಅಲ್ಲಿ 2018ರಲ್ಲಿ ಒಂದು ಕಾನೂನು ಮಾಡಿದರು: ಆ ಪ್ರಾಂತದ ಹಣಕಾಸು ಸಂಸ್ಥೆಗಳೆಲ್ಲ ಇಸ್ಲಾಮೀ ಪದ್ಧತಿಯಲ್ಲಿಯೇ ನಡೆಯತಕ್ಕದ್ದು ಎಂದು. ಅದರಂತೆ ಬಡ್ಡಿಯ ಬ್ಯಾಂಕುಗಳು ಒಂದೊಂದಾಗಿ ಬಾಗಿಲು ಹಾಕಿ ಹೊರಟವು. ಇತ್ತ ಸರ್ಕಾರೀ ಬ್ಯಾಂಕುಗಳ ಮೂರು ಇಸ್ಲಾಮೀ ಶಾಖಾಸಂಸ್ಥೆಗಳು ಒಂದುಗೂಡಿ 2021ರ ಫೆಬ್ರವರಿ 1ರಂದು ಬ್ಯಾಂಕ್ ಸ್ಯಾರಿಯಾ ಇಂಡೊನೇಷ್ಯಾ ಎಂಬ ಭಾರಿ ಬ್ಯಾಂಕು ಆಯಿತು. ಆಚೇಯಲ್ಲಿ ಪ್ರಾಂತದ್ದೇ ಆದ ಬ್ಯಾಂಕು ಇತ್ತಾದರೂ, ಅಲ್ಲಿಯ ಬಹಳ ಜನರ ಪಗಾರ, ವ್ಯಾಪಾರ, ಉಳಿತಾಯ ಎಲ್ಲವೂ ಈ ಒಂದು ಬ್ಯಾಂಕಿನ ಗಲ್ಲೆಗೆ ಸೇರಿದವು.

2023ರ ಮೇ 8, ಸೋಮವಾರ. ಆ ಬ್ಯಾಂಕಿನ ಆ್ಯಪ್ ತೆರೆಯಲಿಲ್ಲ. ಎ.ಟಿ.ಎಂ. ಹಣ ಕೊಡಲಿಲ್ಲ. ಶಾಖೆಗೆ ಹೋದವರಿಗೆ ಅಲ್ಲಿಯ ಗುಮಾಸ್ತರೂ ಕೈಚೆಲ್ಲಿ ಕುಳಿತಿರುವುದು ಕಂಡಿತು, ಏಕೆಂದರೆ ಅವರ ಯಂತ್ರವೂ ಅದೇ ಯಂತ್ರ. ಇಂಡೊನೇಷ್ಯಾದ ಬೇರೆ ಪ್ರಾಂತಗಳವರು ಇನ್ನೊಂದು ಬ್ಯಾಂಕಿಗೆ ಹೋಗಿ ಹೇಗೋ ಕೆಲಸ ಸಾಗಿಸಿಕೊಂಡರು. ಆಚೇಯವರಿಗೆ ಆ ಇನ್ನೊಂದು ಬಾಗಿಲು ಹೆಚ್ಚಾಗಿ ಉಳಿದೇ ಇರಲಿಲ್ಲ. ವ್ಯಾಪಾರಿಗಳ ವಹಿವಾಟು ನಿಂತಿತು. ರಂಜಾನ್ ಹಬ್ಬ ಕಳೆದು ಎರಡು ವಾರ, ಮುಂದೆ ಹಜ್ ಯಾತ್ರೆಯ ದಿನಗಳು. ಎ.ಟಿ.ಎಂ. ಮತ್ತು ಶಾಖೆಗಳು ಮರುದಿನದಿಂದ ಮೆಲ್ಲಮೆಲ್ಲನೆ ಎದ್ದವು. ಎಲ್ಲವೂ ಸರಿಯಾಯಿತೆಂದು ಬ್ಯಾಂಕು ಹೇಳಿದುದು 11ರಂದು. ಆಮೇಲೂ ದೂರುಗಳು ಬರುತ್ತಲೇ ಇದ್ದವು.

ಯಂತ್ರ ಕೆಟ್ಟುದಕ್ಕಿಂತ ನನ್ನ ಮನಸ್ಸಿಗೆ ಹೆಚ್ಚು ನಾಟಿದುದು ಬ್ಯಾಂಕಿನ ಮೊದಲ ಮಾತು. ಯಂತ್ರಗಳ ನಿರ್ವಹಣೆ ನಡೆಯುತ್ತಿದೆ, ತೊಂದರೆಗೆ ಕ್ಷಮಿಸಿ, ಎಂದಿದ್ದರು. ಆಮೇಲೆ ಸೈಬರ್ ದಾಳಿಯ ಲಕ್ಷಣಗಳಿವೆ ಎಂದರು. ಅದೇ ವಾರಾಂತ್ಯಕ್ಕೆ ಲಾಕ್‌ಬಿಟ್ ಎಂಬ ಸುಲಿಗೆಕೋರರ ತಂಡ, ‘ಇದನ್ನು ಮಾಡಿದವರು ನಾವು, ಒಂದೂವರೆ ಕೋಟಿ ಗ್ರಾಹಕರ ಹಾಗೂ ನೌಕರರ ಮಾಹಿತಿ ನಮ್ಮ ಕೈಯಲ್ಲಿದೆ’ ಎಂದು ಸಾರಿ, ಹಣ ಬರದಿದ್ದಾಗ ಮಾಹಿತಿಯನ್ನು ಬಯಲಿಗೆ ಎಸೆಯಿತು. ಗ್ರಾಹಕರ ಹಣವೂ ಮಾಹಿತಿಯೂ ಸುರಕ್ಷಿತವೆಂದು ಬ್ಯಾಂಕು ಹೇಳುತ್ತ ಬಂದಿತು. ಅದೇ ತಿಂಗಳ ಷೇರುದಾರರ ಸಭೆಯಲ್ಲಿ ಕಂಪ್ಯೂಟರ್ ವಿಭಾಗದ ನಿರ್ದೇಶಕರೂ ಅಪಾಯ ನಿರ್ವಹಣೆಯ ನಿರ್ದೇಶಕರೂ ಬದಲಾದರು. ಆಚೇಯಲ್ಲಿ, 2018ರ ಕಾನೂನನ್ನು ತಿದ್ದಿ ಬೇರೆ ಬ್ಯಾಂಕುಗಳನ್ನು ಮರಳಿ ಕರೆಯಬೇಕೆಂಬ ಕೂಗು ಎದ್ದಿತು. ಬೇಡವೆಂದವರೂ ಅಷ್ಟೇ ಗಟ್ಟಿಯಾಗಿ ಎದ್ದರು.

ಆ ಕಾನೂನು ಸರಿಯೇ ತಪ್ಪೇ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಅದು ಆ ನಾಡಿನವರು ಇತ್ಯರ್ಥ ಮಾಡಿಕೊಳ್ಳತಕ್ಕದ್ದು. ಆದರೆ ಊರಿನಲ್ಲಿ ಹತ್ತು ಹೋಟೆಲುಗಳಿದ್ದು ಒಂದು ಮುಚ್ಚಿದರೆ ಅದು ಮಾಲಕನ ನಷ್ಟ. ಒಂದೇ ಹೋಟೆಲಿದ್ದು ಅದು ಮುಚ್ಚಿದರೆ ಊರೇ ಉಪವಾಸ. ಶ್ರದ್ಧೆಯಿಂದ ಜನ ಬೇರೆ ಬಾಗಿಲುಗಳನ್ನು ಬಿಟ್ಟು ನಿಮ್ಮಲ್ಲಿಗೇ ಬಂದಿದ್ದಾರೆಂದರೆ ನಿಮ್ಮ ಯಂತ್ರ ಉಳಿದವರ ಯಂತ್ರಕ್ಕಿಂತ ಎರಡು ಪಟ್ಟು ಗಟ್ಟಿಯಾಗಿರಬೇಕಾದುದು ನ್ಯಾಯ. ಅವರ ಭಾಷೆಯಲ್ಲಿ ‘ಅಮಾನತ್’ ಎಂಬ ಶಬ್ದವಿದೆ; ನಮ್ಮಲ್ಲಿಯೂ ಬಳಕೆಯಲ್ಲಿದೆ. ನಂಬಿ ಒಪ್ಪಿಸಿದ ಒಡವೆ ಎಂದರ್ಥ. ಬಡ್ಡಿ ತೆಗೆದುಕೊಳ್ಳದೆ ಇದ್ದು, ಬೇಕಾದ ಹೊತ್ತಿಗೆ ಒಡವೆ ಹಿಂದಿರುಗಿಸಲಾರದವನನ್ನು ಅಮಾನತ್ತು ಕಾಯ್ದವನೆಂದು ಹೇಗೆ ಕರೆಯುವುದು?

ಹಾಗಾದರೆ ಯಂತ್ರವನ್ನು ಗಟ್ಟಿಗೊಳಿಸುವ ಬಗೆ ಯಾವುದು? ಮಲೇಷ್ಯಾದ ಬ್ಯಾಂಕ್ ನೆಗಾರಾ ಒಂದು ಕಟ್ಟುಪಾಡು ಹಾಕಿದೆ. 2020ರ ಜನವರಿ 1ರಿಂದ ಅದು ಜಾರಿಗೆ ಬಂದಿತು. ಮುಖ್ಯವಾದ ಯಂತ್ರವ್ಯವಸ್ಥೆ ಗಿರಾಕಿಗೆ ತೊಂದರೆಯಾಗುವಂತೆ ಅನಿರೀಕ್ಷಿತವಾಗಿ ನಿಲ್ಲುವುದು 12 ತಿಂಗಳಲ್ಲಿ ಒಟ್ಟು 4 ಗಂಟೆಗಳನ್ನು ಮೀರಬಾರದು. ಒಂದು ಸಲಕ್ಕೆ 120 ನಿಮಿಷಗಳನ್ನು ದಾಟಬಾರದು. ಇಸ್ಲಾಮೀ ಬ್ಯಾಂಕಿಗೂ ಬೇರೆ ಬ್ಯಾಂಕಿಗೂ ಇದು ಒಂದೇ. ಆಚೇಯ ಜನ ಕಾದ ದಿನಗಳನ್ನು ಈ ನಾಲ್ಕು ಗಂಟೆಗಳ ಪಕ್ಕದಲ್ಲಿ ಇಟ್ಟು ನೋಡಿ.

ಎರಡನೆಯದು, ಅಳತೆ ಸರಿಯಿರಬೇಕು. ನಮ್ಮ ವಿಭಾಗದಲ್ಲಿ ಗೋಡೆಯ ಮೇಲೊಂದು ದೊಡ್ಡ ಪರದೆ ಇತ್ತು. ಆ್ಯಪ್ ಉತ್ತರ ಕೊಡಲು ಸರಾಸರಿ ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಅದರಲ್ಲಿ ತೋರಿಸುತ್ತಿತ್ತು. ಒಂದು ಪಗಾರದ ಸಂಜೆ ಅದು 3 ಸೆಕೆಂಡಿಗೂ ಕಡಿಮೆ ತೋರಿಸುತ್ತಿದೆ, ನಾವು ಚಹಾ ಕುಡಿಯುತ್ತಿದ್ದೇವೆ. ಅತ್ತ ದೂರಿನ ಫೋನುಗಳು ಬಡಿದುಕೊಳ್ಳುತ್ತಿವೆ. ಆಮೇಲೆ ಬಿಡಿಸಿ ನೋಡಿದರೆ ನೂರು ಜನರಲ್ಲಿ 95 ಮಂದಿಗೆ ಒಂದೇ ಸೆಕೆಂಡು, ಉಳಿದ ಐವರಿಗೆ 40 ಸೆಕೆಂಡು! ಕೂಡಿಸಿ ಭಾಗಿಸಿದರೆ ಸರಾಸರಿ ಮೂರರ ಒಳಗೇ ಬರುತ್ತದೆ. ಆ ಐವರು ಯಾರು? ಹಳೆಯ ಅಗ್ಗದ ಫೋನಿನವರು, ಸಂಕೇತ ಸರಿಯಾಗಿ ಸಿಗದ ತೋಟಗಳ, ಕಟ್ಟಡಗಳ ಕೆಲಸಗಾರರು. ಸರಾಸರಿ ಎಂಬುದು ಮಾಲಕನ ಪಗಾರವನ್ನೂ ಕ್ಲೀನರನ ಪಗಾರವನ್ನೂ ಕೂಡಿಸಿ ಭಾಗಿಸಿ, ನಮ್ಮ ಹೋಟೆಲಿನಲ್ಲಿ ಎಲ್ಲರೂ ಸುಖಿಗಳು ಎಂದ ಹಾಗೆ. ಅಂದಿನಿಂದ ನಾವು ಸರಾಸರಿಯನ್ನು ತೆಗೆದು, ಎಲ್ಲರಿಗಿಂತ ಹಿಂದೆ ಉಳಿದ ಐವರ ಹೊತ್ತನ್ನೇ ಪರದೆಯ ಮೇಲೆ ಹಾಕಿದೆವು. ನೋಡುವುದಕ್ಕೆ ಚೆನ್ನಾಗಿರಲಿಲ್ಲ, ಕೆಲಸ ಮಾತ್ರ ಚೆನ್ನಾಯಿತು.

ಮೂರನೆಯದು ಎರಡು ಸಲ ಒತ್ತುವ ಪ್ರಶ್ನೆ. ಕೊಲ್ಲಿಯ ಊರೊಂದರಲ್ಲಿ ಸಪ್ಲಾಯರಾಗಿರುವ ನಮ್ಮ ಕಡೆಯ ಹುಡುಗನೊಬ್ಬ ತಂದೆಯ ಆಸ್ಪತ್ರೆ ಖರ್ಚಿಗೆ ಹಣ ಕಳಿಸಲು ಗುಂಡಿ ಒತ್ತಿದ. ಪರದೆ ತಿರುಗುತ್ತ ನಿಂತಿತು. ಗಾಬರಿಯಿಂದ ಮತ್ತೆ ಒತ್ತಿದ, ಮತ್ತೊಮ್ಮೆ ಒತ್ತಿದ. ಹಣ ಮೂರು ಸಲ ಕಡಿತವಾಯಿತು. ಊರಿಗೆ ಒಂದೂ ತಲುಪಲಿಲ್ಲ. ತಿಂಗಳ ದುಡಿಮೆ ನಡುದಾರಿಯಲ್ಲಿ ನಿಂತು, ಮರಳಿ ಬರಲು ಒಂಬತ್ತು ದಿನ ಹಿಡಿಯಿತು. ಇದಕ್ಕೆ ಮದ್ದು ಕಠಿಣವಾದುದಲ್ಲ. ಹೋಟೆಲಿನಲ್ಲಿ ಟೋಕನಿಗೆ ನಂಬರು ಇರುತ್ತದಲ್ಲವೆ? ಒಂದೇ ನಂಬರಿನ ಚೀಟಿ ಎರಡು ಸಲ ಬಂದರೆ ಭಟ್ಟರು ಎರಡನೆಯ ದೋಸೆ ಹೊಯ್ಯಬಾರದು. ಹಾಗೆಯೇ ಒಂದೊಂದು ಪಾವತಿಗೂ ಫೋನಿನಲ್ಲಿಯೇ ಒಂದು ನಂಬರು ಹುಟ್ಟಬೇಕು. ಎಷ್ಟು ಸಲ ಒತ್ತಿದರೂ ಅದೇ ನಂಬರು ಹೋಗಬೇಕು. ಬ್ಯಾಂಕಿನ ಯಂತ್ರ ಒಂದು ನಂಬರಿಗೆ ಒಮ್ಮೆ ಮಾತ್ರ ಹಣ ಕಡಿಯಬೇಕು. ಇಷ್ಟನ್ನು ಮಾಡದ ಆ್ಯಪನ್ನು ಜನರ ಕೈಗೆ ಕೊಡುವುದು ತಪ್ಪೆಂದೇ ನನ್ನ ಮತ.

ಮತ್ತೆ ಮತ್ತೆ ಕೇಳುವುದರಿಂದಲೇ ಯಂತ್ರ ಕುಸಿಯುವುದೂ ಉಂಟು. ಇದಕ್ಕೆ ದೂರ ಹೋಗಬೇಕಾಗಿಲ್ಲ. 2025ರ ಏಪ್ರಿಲ್ 12ರಂದು ನಮ್ಮ ಯು.ಪಿ.ಐ. ಕೆಟ್ಟು, ನಿಮ್ಮ ನಿಮ್ಮ ಗಲ್ಲೆಗಳ ಮುಂದೆ ಗಿರಾಕಿಗಳು ಫೋನು ಹಿಡಿದು ನಿಂತಿದ್ದು ನೆನಪಿರಬಹುದು. ಅದನ್ನು ನಡೆಸುವ ಸಂಸ್ಥೆ ಆಮೇಲೆ ಪರಿಶೀಲಿಸಿದಾಗ, ಕೆಲವು ಬ್ಯಾಂಕುಗಳ ಯಂತ್ರಗಳು ‘ಆ ಹಣ ತಲುಪಿತೇ, ಆ ಹಣ ತಲುಪಿತೇ’ ಎಂದು ಬಿಡುವಿಲ್ಲದೆ ಕೇಳುತ್ತ ಹೋದುದೇ ಮುಖ್ಯ ಕಾರಣವೆಂದು ಕಂಡಿತು. ಒಬ್ಬ ಭಟ್ಟರ ಸುತ್ತ ಹತ್ತು ಸಪ್ಲಾಯರುಗಳು ನಿಂತು ‘ಆಯಿತೇ, ಆಯಿತೇ’ ಎಂದು ಕೂಗಿದರೆ ಅವರು ಉತ್ತರ ಹೇಳುವರೋ ದೋಸೆ ಹೊಯ್ಯುವರೋ? ಕೇಳುವವರು ಒಂದು ಸಲ ಕೇಳಿ ಸ್ವಲ್ಪ ತಡೆಯಬೇಕು. ಮತ್ತೆ ಕೇಳಿ ಇನ್ನಷ್ಟು ತಡೆಯಬೇಕು. ಯಂತ್ರಕ್ಕೂ ಈ ತಾಳ್ಮೆಯನ್ನು ಬರೆದೇ ಕಲಿಸಬೇಕಾಗುತ್ತದೆ.

ಇಸ್ಲಾಮೀ ಬ್ಯಾಂಕಿನಲ್ಲಿ ನಾನು ಕಲಿತ ಇನ್ನೊಂದು ಪಾಠವಿದೆ; ಯಾವ ಪುಸ್ತಕವೂ ಅದನ್ನು ನನಗೆ ಕಲಿಸಿರಲಿಲ್ಲ. ಯಂತ್ರಗಳ ದುರಸ್ತಿಯನ್ನು ಎಲ್ಲರೂ ಇಟ್ಟುಕೊಳ್ಳುವುದು ರಾತ್ರಿ ಮೂರರಿಂದ ಐದರವರೆಗೆ, ಊರು ಮಲಗಿರುವಾಗ. ರಂಜಾನ್ ತಿಂಗಳಲ್ಲಿ ಆ ಹೊತ್ತಿಗೆ ಊರು ಎದ್ದಿರುತ್ತದೆ! ಬೆಳಕು ಹರಿಯುವ ಮೊದಲು ಉಂಡು ಉಪವಾಸ ಹಿಡಿಯಬೇಕು; ಹಾಗೆ ಎದ್ದವರು ಫೋನು ತೆರೆದು ದಾನ ಕಳಿಸುತ್ತಾರೆ, ಜಕಾತು ಕೊಡುತ್ತಾರೆ. ಹೊರಗಿನಿಂದ ಬಂದ ನಮ್ಮ ಇಂಜಿನಿಯರುಗಳು ಮಾಮೂಲಿನಂತೆ ಆ ಹೊತ್ತಿಗೇ ಗಲ್ಲೆ ಮುಚ್ಚಿ ಕುಳಿತರು. ಬೈಗುಳ ತಿಂದೆವು, ತಿನ್ನತಕ್ಕದ್ದೇ. ಗಿರಾಕಿಯ ದಿನಚರಿ ಗೊತ್ತಿಲ್ಲದವನು ಹೋಟೆಲು ನಡೆಸಲಾರ. ಮರುವರ್ಷ ಹಿಜರಿ ಪಂಚಾಂಗವನ್ನು ಯಂತ್ರಶಾಲೆಯ ಗೋಡೆಗೆ ತೂಗುಹಾಕಿ, ರಂಜಾನಿನ ಕೊನೆಯ ಹತ್ತು ದಿನ ಯಾವ ಹೊಸ ಬದಲಾವಣೆಯನ್ನೂ ಮಾಡಬಾರದೆಂದು ಕಟ್ಟು ಮಾಡಿದೆವು. ದೀಪಾವಳಿಯ ಹಿಂದಿನ ದಿನ ಯಾರಾದರೂ ಒಲೆ ಕೆಡವಿ ಹೊಸ ಒಲೆ ಹೂಡುತ್ತಾರೆಯೇ?

ಪ್ರತಿಯ ವಿಚಾರ ಚುಟುಕಾಗಿ ಹೇಳುತ್ತೇನೆ. ಸುಲಿಗೆಕೋರರು ಲೆಕ್ಕದ ಪುಸ್ತಕಗಳಿಗೇ ಬೀಗ ಜಡಿಯುತ್ತಾರಾದುದರಿಂದ, ಅದರ ಒಂದು ಪ್ರತಿ ಬೇರೆ ಊರಿನಲ್ಲಿ, ಯಾವ ತಂತಿಯ ಸಂಪರ್ಕವೂ ಇಲ್ಲದಂತೆ ಇರಬೇಕು. ಇದ್ದರೆ ಸಾಲದು, ವರ್ಷಕ್ಕೆ ಎರಡು ಸಲವಾದರೂ ಅದರಿಂದ ಬ್ಯಾಂಕನ್ನು ಪುನಃ ಎಬ್ಬಿಸಿ ನೋಡಬೇಕು. ಗಿರಣಿಯಲ್ಲಿ ಬೆಂಕಿಯ ಬಾಲ್ದಿಗಳು ಸಾಲಾಗಿ ತೂಗಾಡುತ್ತಿದ್ದವು. ಬೆಂಕಿ ಬಿದ್ದ ದಿನ ನೋಡಿದರೆ ಮರಳಿನ ಬದಲು ವೀಳ್ಯದ ಉಗುಳು ತುಂಬಿದ್ದ ಕಥೆಯನ್ನು ನಮ್ಮ ಹಿರಿಯರೊಬ್ಬರು ನನಗೆ ಹೇಳಿದ್ದರು.

ಕೊನೆಯದಾಗಿ, ಕೆಟ್ಟ ಮೇಲಿನ ನಡತೆ. ತಟ್ಟೆ ಒಡೆದರೆ ಕ್ಲೀನರ್ ಹುಡುಗನ ಪಗಾರದಲ್ಲಿ ಮುರಿದುಕೊಳ್ಳುವ ಮಾಲಕರನ್ನು ನಾವೆಲ್ಲ ಬಲ್ಲೆವು. ಹಾಗೆ ಮಾಡಿದ ಹೋಟೆಲಿನಲ್ಲಿ ಒಡೆದ ತಟ್ಟೆಗಳು ಕಡಿಮೆಯಾಗುವುದಿಲ್ಲ, ಬಚ್ಚಿಟ್ಟ ಚೂರುಗಳು ಹೆಚ್ಚಾಗುತ್ತವೆ. ಯಂತ್ರಶಾಲೆಯಲ್ಲಿಯೂ ತಪ್ಪಿದವನ ತಲೆ ಹಾರಿಸಿದರೆ ಮುಂದಿನ ತಪ್ಪು ಹೊರಗೆ ಬರುವುದೇ ಇಲ್ಲ. ಯಾರು ಎಂದು ಕೇಳದೆ ಹೇಗೆ ಎಂದು ಕೇಳಬೇಕು, ಕಂಡುದನ್ನು ಬರೆದಿಡಬೇಕು. ಗಿರಾಕಿಗೂ ಅರ್ಧ ಗಂಟೆಯೊಳಗೆ ನಿಜ ಹೇಳಬೇಕು: ಇಂಥದು ಕೆಟ್ಟಿದೆ, ನಿಮ್ಮ ಹಣ ಇಲ್ಲಿದೆ, ಇಷ್ಟು ಹೊತ್ತಿಗೆ ಮತ್ತೆ ತಿಳಿಸುತ್ತೇವೆ ಎಂದು. ‘ದುರಸ್ತಿ ನಡೆಯುತ್ತಿದೆ’ ಎಂಬ ಬೋರ್ಡು ತಗಲಿಸಿ ಒಳಗೆ ಬೆಂಕಿ ಆರಿಸುವುದು ಬೇಡ.

ನಿಮ್ಮ ತಮ್ಮಂದಿರು, ಮಕ್ಕಳು ಕೊಲ್ಲಿಯಲ್ಲಿದ್ದರೆ ಇಂದು ರಾತ್ರಿ ಫೋನಿನಲ್ಲಿ ಮೂರು ಮಾತು ಹೇಳಿ. ಪರದೆ ತಿರುಗುತ್ತ ನಿಂತರೆ ಮತ್ತೆ ಒತ್ತಬೇಡ. ಮೊದಲು ಖಾತೆಯಲ್ಲಿ ಹಣ ಕಡಿತವಾಯಿತೇ ನೋಡು. ಕಡಿತವಾಗಿದ್ದರೆ ಅದರ ನಂಬರನ್ನೂ ಹೊತ್ತನ್ನೂ ಕಾಗದದ ಮೇಲೆ ಬರೆದಿಡು, ಪರದೆಯ ಚಿತ್ರವನ್ನೂ ತೆಗೆದಿಡು. ಕಂತನ್ನು ಕೊನೆಯ ದಿನದ ಸಂಜೆಗೆ ಬಿಡಬೇಡ. ಆ್ಯಪ್ ಕೆಟ್ಟ ದಿನ ತಡದ ದಂಡ ಬಿದ್ದರೆ ಸುಮ್ಮನೆ ಕೊಡಬೇಡ, ಬರಹದಲ್ಲಿ ದೂರು ಕೊಟ್ಟು ಅದರ ನಕಲನ್ನು ಇಟ್ಟುಕೋ. ದೂರು ಬರೆಯಲು ಬಾರದವರ ಮನೆಯವರು ಭಾನುವಾರ ಬೆಳಿಗ್ಗೆ ಸಂಘದ ಕಚೇರಿಗೆ ಬಂದರೆ ಇಂಗ್ಲಿಷಿನಲ್ಲಿ ಬರೆದುಕೊಡಲು ನಾನೂ ರಾತ್ರಿಶಾಲೆಯ ಇಬ್ಬರು ಹುಡುಗರೂ ಇರುತ್ತೇವೆ. ನಂಬರು ಮತ್ತು ತಾರೀಕು ಮಾತ್ರ ಮರೆಯದೆ ತನ್ನಿ.